ನಿಯಮದ ಹೊರಗುಳಿದ ಮೊತ್ತ

ವಿಕಲಚೇತನರ ಹಕ್ಕುಗಳ ಅಧಿನಿಯಮ, 2016, ತಾನು ಒಪ್ಪಿದ ಹಕ್ಕುಗಳನ್ನು ಜಾರಿಗೆ ತರುವ ವಿವರಗಳನ್ನು ಸರ್ಕಾರಗಳಿಗೆ ಬಿಟ್ಟಿದೆ; ಹೀಗೆ ಶಾಸಕಾಂಗದಿಂದ ಅಧಿಕಾರ ಪಡೆದು ಕಾರ್ಯಾಂಗ ರಚಿಸುವ ನಿಯಮಗಳನ್ನು ಅಧೀನ ಶಾಸನ ಎನ್ನುತ್ತಾರೆ. 100ನೆಯ ಪ್ರಕರಣ ಕೇಂದ್ರಕ್ಕೂ 101ನೆಯದು ರಾಜ್ಯಗಳಿಗೂ ಈ ಅಧಿಕಾರವನ್ನು ಕೊಡುತ್ತವೆ, ಮತ್ತು ಕೇಂದ್ರದ ನಿಯಮಗಳನ್ನು ಸಂಸತ್ತಿನ ಎರಡೂ ಸದನಗಳ ಮುಂದೆ ಮೂವತ್ತು ದಿನ ಇಡಬೇಕಾಗುತ್ತದೆ. ಏರ್ಪಾಡೇನೋ ಅಚ್ಚುಕಟ್ಟು. ಆದರೆ ಈ ಕಾವಲು ಯಾವುದಕ್ಕೆಂದು ಪಟ್ಟಿಯನ್ನು ಓದಿದರೆ ಪ್ರಮಾಣಪತ್ರದ ಅರ್ಜಿ, ಮಂಡಳಿ ಸದಸ್ಯರ ಭತ್ಯೆ, ವಾರ್ಷಿಕ ವರದಿಯ ನಮೂನೆ ಮುಂತಾದವು ಸಿಗುತ್ತವೆಯೇ ಹೊರತು ತಿಂಗಳ ಪಿಂಚಣಿಯ ಮೊತ್ತ ಸಿಗುವುದಿಲ್ಲ.

ಆ ಮೊತ್ತವನ್ನು 24ನೆಯ ಪ್ರಕರಣವು 'ಯೋಜನೆ'ಗೆ ಒಪ್ಪಿಸಿ, ಅದನ್ನು ಸರ್ಕಾರದ ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ ಕಟ್ಟಿಹಾಕಿದೆ. ಯೋಜನೆಯನ್ನು ಸದನದ ಮುಂದಿಡಬೇಕೆಂಬ ಷರತ್ತು ಅಲ್ಲಿಲ್ಲ. ಇತರರಿಗಿರುವ ಅಂಥದೇ ಯೋಜನೆಗಿಂತ ನೆರವು ಕನಿಷ್ಠ ಶೇ 25ರಷ್ಟು ಹೆಚ್ಚಿರಬೇಕೆಂಬುದೊಂದೇ ಅದಕ್ಕೆ ಹಾಕಿದ ಅಳತೆಗೋಲು. ಇಂದಿರಾ ಗಾಂಧಿ ರಾಷ್ಟ್ರೀಯ ಅಂಗವಿಕಲ ಪಿಂಚಣಿಯಲ್ಲಿ ಕೇಂದ್ರದ ಪಾಲು 79 ವರ್ಷದವರೆಗೆ ತಿಂಗಳಿಗೆ 300 ರೂಪಾಯಿ. 60ರಿಂದ 79ರ ವೃದ್ಧಾಪ್ಯ ವೇತನದ 200 ರೂಪಾಯಿಯ ಪಕ್ಕದಲ್ಲಿ ಇಟ್ಟರೆ ಅದು ಅಳತೆಗೆ ಹೊಂದುತ್ತದೆ; ವಿಧವಾ ವೇತನದ 300 ರೂಪಾಯಿಯ ಪಕ್ಕದಲ್ಲಿಟ್ಟರೆ ಒಂದು ರೂಪಾಯಿಯೂ ಹೆಚ್ಚಿಲ್ಲ, ಎಂಬತ್ತು ತುಂಬಿದ ಮೇಲಂತೂ ಎಲ್ಲರಿಗೂ ಒಂದೇ 500. 'ಅಂಥದೇ' ಯೋಜನೆ ಯಾವುದೆಂಬುದನ್ನು ಅಧಿನಿಯಮ ಬಿಡಿಸಿ ಹೇಳದೆ ಇರುವುದರಿಂದ ಅನುಕೂಲವಾದ ಹೋಲಿಕೆಯನ್ನು ಆರಿಸಿಕೊಳ್ಳುವ ಅವಕಾಶ ಸರ್ಕಾರಕ್ಕೇ ಉಳಿದಿದೆ. ಅಧಿನಿಯಮ ಶೇ 40ರ ವೈಕಲ್ಯವನ್ನು ಮಾನದಂಡವಾಗಿ ಒಪ್ಪಿದ್ದರೂ ಈ ಪಿಂಚಣಿ ಬಡತನ ರೇಖೆಗಿಂತ ಕೆಳಗಿರುವವರಲ್ಲಿಯೂ ಶೇ 80ರ ವೈಕಲ್ಯವನ್ನು ಕೇಳುತ್ತದೆ.

ರಾಜ್ಯಗಳು ತಮ್ಮ ಬೊಕ್ಕಸದಿಂದ ಹೆಚ್ಚು ಸೇರಿಸುತ್ತವೆ ಎಂಬುದು ನಿಜ. ಮೊತ್ತವನ್ನು ನಿಯಮದಲ್ಲಿ ಬರೆದರೆ ಏರಿಸುವುದು ತಡವಾಗುತ್ತದೆ ಎಂಬ ವಾದವೂ ಇದೆ. ಯಾವ ನಿಯಮದ ತಡೆಯೂ ಇಲ್ಲದೆ ಕೇಂದ್ರದ ಮುನ್ನೂರು ರೂಪಾಯಿ 2012ರಿಂದ ನಿಂತಲ್ಲೇ ನಿಂತಿರುವುದರಿಂದ ಆ ವಾದಕ್ಕೆ ತೂಕವಿಲ್ಲ.

ಇದರ ಪಕ್ಕದಲ್ಲಿ ಸುಗಮ ಪ್ರವೇಶದ ಪ್ರಶ್ನೆಯನ್ನು ನೋಡಬಹುದು. 2017ರ ಕೇಂದ್ರ ನಿಯಮಗಳಲ್ಲಿನ 15(1)ನೆಯ ನಿಯಮ, ಅಧಿನಿಯಮ ಕಡ್ಡಾಯವೆಂದ ಮಾನದಂಡಗಳನ್ನು ಬರಿಯ ಮಾರ್ಗಸೂಚಿಗಳ ಮಟ್ಟಕ್ಕೆ ಇಳಿಸಿತ್ತು. ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ನಿಯಮವನ್ನು ಮೂಲ ಅಧಿನಿಯಮದ ಎದುರಿಗಿಟ್ಟು ಓದಿ, ಅದು ಅಧಿಕಾರ ಮೀರಿದ್ದೆಂದು 2024ರ ನವೆಂಬರ್ 8ರಂದು ತೀರ್ಪಿತ್ತು, ಕಡ್ಡಾಯ ಮಾನದಂಡಗಳನ್ನು ಮೂರು ತಿಂಗಳೊಳಗೆ ಬೇರ್ಪಡಿಸಿ ರೂಪಿಸಬೇಕೆಂದಿತು. ಪಿಂಚಣಿಯ ಮೊತ್ತದ ವಿಷಯದಲ್ಲಿ ಹಾಗೆ ಎದುರಿಗಿಟ್ಟು ಓದಲು ಕೇಂದ್ರದ ನಿಯಮವೇ ಇಲ್ಲ.