ಬಾಲಕ್ಕೆ ಕಟ್ಟಿದ ರೋಲರ್

ಅಮೆರಿಕದ ಉಪನಗರಗಳ ಗ್ಯಾರೇಜುಗಳಲ್ಲಿ ತಯಾರಾಗುವ ಸಾಧನಗಳಲ್ಲಿ ಇದರಷ್ಟು ಸರಳವಾದದ್ದು ಕಡಿಮೆ. ನಾಲ್ಕು ಇಂಚಿನ ಪಿವಿಸಿ ಪೈಪನ್ನು ಹುಲ್ಲು ಕತ್ತರಿಸುವ ಮೋವರಿನ ಅಗಲಕ್ಕೆ ಕೊಯ್ದು, ಮರಳು ತುಂಬಿ, ಎರಡೂ ತುದಿಗೆ ಕ್ಯಾಪು ಅಂಟಿಸಿ, ಸರಪಳಿಯಿಂದ ಮೋವರಿನ ಹಿಂದೆ ಕಟ್ಟಿದರೆ ಮುಗಿಯಿತು. ಮುಂದೆ ಬ್ಲೇಡು ಹುಲ್ಲು ಕತ್ತರಿಸುತ್ತಾ ಹೋದರೆ ಹಿಂದೆ ಪೈಪು ಅದನ್ನು ಮಲಗಿಸುತ್ತಾ ಬರುತ್ತದೆ. ಅಂಗಳದ ಹುಲ್ಲುಹಾಸಿನಲ್ಲಿ ಕ್ರಿಕೆಟ್ ಮೈದಾನದಂಥ ತಿಳಿಹಸಿರು, ಕಡುಹಸಿರು ಪಟ್ಟೆಗಳು ಮೂಡುತ್ತವೆ. ಕೆಲಸ ಮಾಡುತ್ತದೆಯೇ ಎಂದರೆ, ಮಾಡುತ್ತದೆ. ಒಳ್ಳೆಯ ಸಾಧನವೇ ಎಂದು ಕೇಳಿದರೆ ಮಾತ್ರ ಅದು ಯಾವುದರ ಜಾಗಕ್ಕೆ ಬಂದಿದೆ ಎಂಬುದನ್ನು ಮೊದಲು ನೋಡಬೇಕಾಗುತ್ತದೆ.

ಪಟ್ಟೆಯೆಂಬುದು ಬೆಳಕಿನ ಆಟ. ನಮ್ಮಿಂದ ಆಚೆಗೆ ಬಾಗಿದ ಎಸಳು ತನ್ನ ಅಗಲ ಮೈಯಿಂದ ಬೆಳಕನ್ನು ಹೆಚ್ಚಾಗಿ ಹಿಂದಿರುಗಿಸಿ ತಿಳಿಯಾಗಿ ಕಾಣುತ್ತದೆ. ನಮ್ಮತ್ತ ಬಾಗಿದ ಎಸಳಿನ ತುದಿಯೂ ನೆರಳೂ ಮಾತ್ರ ಕಣ್ಣಿಗೆ ಬೀಳುವುದರಿಂದ ಅದು ಕಪ್ಪಗೆ ಕಾಣುತ್ತದೆ. ಎದುರು ತುದಿಗೆ ಹೋಗಿ ನಿಂತರೆ ಎರಡೂ ಅದಲುಬದಲು. ಮಖಮಲ್ಲಿನ ಮೇಲೆ ಕೈಯಾಡಿಸಿದಾಗ ಆಗುವುದೂ ಇದೇ. ಮೋವರಿಗೂ ಬಟ್ಟೆಗೂ ನಂಟು ಹಳೆಯದು: ಇಂಗ್ಲೆಂಡಿನ ಸ್ಟ್ರೌಡ್ ಬಳಿಯ ಎಡ್ವಿನ್ ಬಡ್ಡಿಂಗ್ 1830ರಲ್ಲಿ ಮೊದಲ ಮೋವರಿಗೆ ಪೇಟೆಂಟ್ ಪಡೆದ; ಅದರ ಯೋಚನೆ ಅವನಿಗೆ ಹೊಳೆದದ್ದು ಉಣ್ಣೆಬಟ್ಟೆಯ ಮೇಲಿನ ಜುಂಗನ್ನು ಸಮನಾಗಿ ಕತ್ತರಿಸುವ ಗಿರಣಿಯಂತ್ರವನ್ನು ಕಂಡು.

ಬಡ್ಡಿಂಗ್‌ನ ಯಂತ್ರಕ್ಕೂ ಹಿಂದೆ ಒಂದು ರೋಲರ್ ಇತ್ತು. ಅದು ಯಂತ್ರದ ಭಾರ ಹೊರುತ್ತಿತ್ತು, ಹಲ್ಲುಚಕ್ರಗಳ ಮೂಲಕ ಬ್ಲೇಡಿನ ಸಿಲಿಂಡರನ್ನು ತಿರುಗಿಸುತ್ತಿತ್ತು. ಪಟ್ಟೆ ಅದರ ಜೊತೆಗೆ ಪುಕ್ಕಟೆ ಸಿಕ್ಕ ಲಾಭ. ಬ್ರಿಟನ್ನಿನ ಸಿಲಿಂಡರ್ ಮೋವರುಗಳು ಇಂದಿಗೂ ಈ ರೋಲರನ್ನು ಬಿಟ್ಟಿಲ್ಲ. ಅಮೆರಿಕದ ಮನೆಗಳಲ್ಲಿ ಗೆದ್ದದ್ದು ರೋಟರಿ ಮೋವರ್. ಅದರ ಬ್ಲೇಡು ಫ್ಯಾನಿನಂತೆ ಗಾಳಿಯೆಳೆದು ಹುಲ್ಲನ್ನು ನೆಟ್ಟಗೆ ನಿಲ್ಲಿಸಿ ಕತ್ತರಿಸುತ್ತದೆ. ಭಾರ ನಾಲ್ಕು ಚಕ್ರಗಳ ಮೇಲಿರುವುದರಿಂದ ರೋಲರಿನ ಹಂಗೇ ಇಲ್ಲ. ಗ್ಯಾರೇಜಿನ ಪೈಪು ಹೀಗೆ ಕಳಚಿಹೋದ ಅಂಗವೊಂದನ್ನು ವಾಪಸು ತರಲು ಹೊರಟಿದೆ. ಅಂಗವಾಗಿದ್ದದ್ದು ಬಾಲವಾಗಿ ವಾಪಸು ಬಂದಿದೆ. ಅದರ ದೋಷಗಳ ಮೂಲ ಇದೇ.

ಮೊದಲು ಅದರ ಮೇಲಿನ ಒಂದು ಸುಳ್ಳು ಆರೋಪ ತೆಗೆದುಹಾಕೋಣ. ಇಷ್ಟು ಭಾರ ಎಳೆದರೆ ಮಣ್ಣು ಗಟ್ಟಿಯಾಗುತ್ತದೆ ಎಂಬ ಅಂಜಿಕೆ ಕೆಲವರಿಗಿದೆ. ನಾಲ್ಕು ಇಂಚು ವ್ಯಾಸದ, 20 ಇಂಚು ಉದ್ದದ ಪೈಪಿನಲ್ಲಿ ಹಿಡಿಯುವುದು ಸುಮಾರು 4 ಲೀಟರ್ ಮರಳು, ಅಂದರೆ ಆರೇಳು ಕಿಲೋ. ಅದೂ ಇಡೀ ಅಗಲಕ್ಕೆ ಹಂಚಿಹೋಗುತ್ತದೆ. ಅದಕ್ಕಿಂತ ಎಷ್ಟೋ ಭಾರದ ಮೋವರು ನಾಲ್ಕು ಸಣ್ಣ ಚಕ್ರಗಳ ಮೇಲೆ ಅದೇ ದಾರಿಯಲ್ಲಿ ಓಡುತ್ತಿರುವಾಗ ಪೈಪನ್ನು ದೂರುವುದು ನ್ಯಾಯವಲ್ಲ. ಹಾಗೆಂದು ಕಾಂಕ್ರೀಟ್ ತುಂಬಿದರೆ ಪಟ್ಟೆ ಇನ್ನಷ್ಟು ಚೆನ್ನಾಗುತ್ತದೆಂಬ ಉತ್ಸಾಹವೂ ಬೇಡ. ಬಾಗಲು ಬೇಕಾದದ್ದು ಎಸಳಿನ ಉದ್ದ. ಮೂರು ಇಂಚಿಗಿಂತ ಎತ್ತರಕ್ಕೆ ಬಿಟ್ಟು ಕತ್ತರಿಸಿದ ಹುಲ್ಲು ಹಗುರ ರೋಲರಿಗೂ ಮಣಿಯುತ್ತದೆ. ವಿಂಬಲ್ಡನ್ನಿನ 8 ಮಿಲಿಮೀಟರ್ ಹುಲ್ಲಿನ ಮೇಲೂ ಪಟ್ಟೆ ಕಾಣುತ್ತದೆ, ನಿಜ. ಆದರೆ ಅಲ್ಲಿ ರೋಲರಿನ ಮೇಲೆ ಕೂತಿರುವುದು ಯಂತ್ರದ ಭಾರ.

ನಿಜವಾದ ದೋಷಗಳು ಮೂರು. ಒಂದು, ಕ್ಯಾಪು. ಪೈಪಿನ ಹೊರಗೆ ಕೂರುವ ಕ್ಯಾಪಿನ ಸುತ್ತಳತೆ ಪೈಪಿಗಿಂತ ದೊಡ್ಡದು. ಹಾಗಾಗಿ ಗಟ್ಟಿ ನೆಲದಲ್ಲಿ ಭಾರವೆಲ್ಲ ಎರಡು ತುದಿಗೆ ಬಿದ್ದು, ನಡುವಿನ ಪೈಪು ನೆಲ ಮುಟ್ಟದೆ ಸೇತುವೆಯಾಗುತ್ತದೆ. ಪಟ್ಟೆಯ ಅಂಚು ಗಾಢ, ನಡು ಪೇಲವ. ಪೈಪಿನೊಳಗೆ ಕೂರುವ ಮುಚ್ಚಳ ಹಾಕಿದರೆ ಈ ತೊಂದರೆಯೇ ಇಲ್ಲ.

ಎರಡು, ಸರಪಳಿ. ಮುಂದೆ ಹೋಗುವಷ್ಟು ಹೊತ್ತು ಅದು ಸಭ್ಯವಾಗಿರುತ್ತದೆ. ಗಿಡದ ಬುಡದಿಂದ ಮೋವರನ್ನು ಒಂದಡಿ ಹಿಂದಕ್ಕೆ ಎಳೆದು ನೋಡಿ: ಸರಪಳಿ ಸಡಿಲಾಗಿ ಪೈಪು ಚಕ್ರಕ್ಕೋ ಮೋವರಿನ ಹಿಂಬದಿಯಲ್ಲಿ ನೇತಾಡುವ ರಕ್ಷಣೆಯ ಪರದೆಗೋ ಸಿಕ್ಕಿಕೊಳ್ಳುತ್ತದೆ. ಕ್ಯಾಪಿಗೆ ಬಿಗಿದ ಬೋಲ್ಟಿಗೇ ಸರಪಳಿ ಕಟ್ಟಿದ್ದರಂತೂ ಪೈಪು ಉರುಳುವುದೇ ಇಲ್ಲ, ಹುಲ್ಲಿನ ಮೇಲೆ ಜಾರುತ್ತದೆ. ಪೈಪಿನ ನಡುವೆ ರಾಡು ತೂರಿಸಿ, ಎರಡು ಕಬ್ಬಿಣದ ಪಟ್ಟಿಗಳನ್ನು ತೋಳಿನಂತೆ ಜೋಡಿಸಿದರೆ ರೋಲರು ಉರುಳುತ್ತದೆ, ಬೇಕೆಂದಾಗ ಮೇಲೆತ್ತಲೂ ಬರುತ್ತದೆ.

ಮೂರು, ತಿರುವು. ಒಳ್ಳೆಯ ಸಿಲಿಂಡರ್ ಮೋವರುಗಳಲ್ಲಿ ಹಿಂದಿನ ರೋಲರ್ ಎರಡು ತುಂಡಾಗಿರುತ್ತದೆ. ತಿರುಗುವಾಗ ಹೊರಗಿನದು ಬೇಗ, ಒಳಗಿನದು ನಿಧಾನ ಉರುಳಿ ಹುಲ್ಲು ಉಳಿಯುತ್ತದೆ. ಒಂದೇ ತುಂಡಿನ ಪೈಪು ಪ್ರತಿ ಸಾಲಿನ ಕೊನೆಯಲ್ಲೂ ನೆಲ ಉಜ್ಜುತ್ತದೆ. ಅದೇ ರಾಡಿನ ಮೇಲೆ ಎರಡು ಗಿಡ್ಡ ಪೈಪುಗಳನ್ನು ಪೋಣಿಸುವುದಕ್ಕೆ ಹೆಚ್ಚಿನ ಖರ್ಚೇನೂ ಇಲ್ಲ, ಆದರೂ ಹಾಗೆ ಮಾಡುವವರು ವಿರಳ.

ಇವೆಲ್ಲ ವಿನ್ಯಾಸದ ಮಾತಾಯಿತು. ಸುರಕ್ಷತೆಯ ವಿಷಯದಲ್ಲಿ ರಿಯಾಯಿತಿ ಸಲ್ಲದು. 1982ರಿಂದ ಅಮೆರಿಕದಲ್ಲಿ ತಯಾರಾಗುವ ನಡೆದು ತಳ್ಳುವ ಮೋವರುಗಳ ಬ್ಲೇಡು, ಹಿಡಿ ಬಿಟ್ಟ 3 ಸೆಕೆಂಡಿನೊಳಗೆ ನಿಲ್ಲಬೇಕೆಂಬ ನಿಯಮವಿದೆ. ಹಿಂದೆ ನೇತಾಡುವ ಪರದೆಯೂ ಅಂಥದೇ ಕಾಳಜಿಯ ಫಲ. ತಳ್ಳುವವನ ಕಾಲನ್ನು ಬ್ಲೇಡಿನಿಂದಲೂ ಸಿಡಿಯುವ ಕಲ್ಲಿನಿಂದಲೂ ಕಾಯುವುದು ಅದೇ. ಪೈಪಿಗೆ ಜಾಗ ಮಾಡಲೆಂದು ಆ ಪರದೆಯನ್ನು ಕಿತ್ತ, ಮೇಲಕ್ಕೆ ಕಟ್ಟಿದ ಯಾವ ವಿನ್ಯಾಸವೂ ಎಷ್ಟೇ ಅಂದವಾದ ಪಟ್ಟೆ ಮೂಡಿಸಲಿ, ನಪಾಸು.

ಇನ್ನು ಅಂದದ ಪ್ರಶ್ನೆ. ಈ ಹವ್ಯಾಸದ ಕನಸುಗಳೆಲ್ಲ ಕ್ರೀಡಾಂಗಣದವು. ಬಾಸ್ಟನ್ನಿನ ಫೆನ್‌ವೇ ಪಾರ್ಕಿನ ಹುಲ್ಲು ನೋಡಿಕೊಂಡ ಡೇವಿಡ್ ಮೆಲ್ಲರ್ ಬೇಸ್‌ಬಾಲ್ ಮೈದಾನದ ಪಟ್ಟೆಗಳನ್ನು ಚಿತ್ತಾರಗಳ ಮಟ್ಟಕ್ಕೆ ಒಯ್ದು, ಅದರ ಬಗ್ಗೆ ಪುಸ್ತಕವನ್ನೂ ಬರೆದರು. ಆದರೆ ಅಲ್ಲಿ ನೋಡುವವರು ಎತ್ತರದ ಗ್ಯಾಲರಿಯಲ್ಲಿದ್ದಾರೆ, ಕ್ಯಾಮೆರಾದ ಹಿಂದಿದ್ದಾರೆ. ಮನೆಯಂಗಳವನ್ನು ನೋಡುವುದು ರಸ್ತೆಯಿಂದ, ಇಲ್ಲವೇ ಅಡುಗೆಮನೆಯ ಕಿಟಕಿಯಿಂದ. ಆ ಜಾಗದಿಂದ ದೂರಕ್ಕೆ ಸಾಗುವ ಸಾಲುಗಳಲ್ಲಿ ವ್ಯತ್ಯಾಸ ಎದ್ದು ಕಾಣುತ್ತದೆ. ಕಣ್ಣಿಗೆ ಅಡ್ಡಲಾಗಿ ಎಳೆದವು ಮಾಸಲು. ಪೈಪಿನ ಅಳತೆಗೆ ತಲೆಕೆಡಿಸಿಕೊಳ್ಳುವವರು ನೋಟದ ದಿಕ್ಕನ್ನು ಯೋಚಿಸುವುದಿಲ್ಲ. ಇಷ್ಟವಾದ ದಿಕ್ಕೆಂದು ಪ್ರತಿಸಲವೂ ಅದರಲ್ಲೇ ಸಾಗಿದರೂ ಕೆಡುಕೇ. ಹುಲ್ಲು ಒಂದೇ ಕಡೆ ಒರಗಿ ಬೆಳೆಯುತ್ತದೆ, ಚಕ್ರದ ಜಾಡು ಬೀಳುತ್ತದೆ.

ಯಾವ ಹುಲ್ಲು ಎಂಬುದೂ ಮುಖ್ಯ. ಒಹಾಯೊ, ನ್ಯೂಜೆರ್ಸಿಗಳ ಕನ್ನಡಿಗರ ಅಂಗಳದಲ್ಲಿರುವ ಬ್ಲೂಗ್ರಾಸ್, ಫೆಸ್ಕ್ಯೂಗಳಂಥ ತಂಪು ಹವೆಯ ಹುಲ್ಲುಗಳು ಸುಲಭವಾಗಿ ಬಾಗುತ್ತವೆ. ಟೆಕ್ಸಾಸಿನವರ ಬರ್ಮುಡಾ ಹುಲ್ಲು ನಮ್ಮ ಗರಿಕೆಯೇ; ನೆಲಕ್ಕೆ ಹರಡಿ, ಬಿರುಸಾಗಿ ಬೆಳೆಯುವ ಅದು ಹಗುರ ಪೈಪಿಗೆ ಅಷ್ಟಾಗಿ ಜಗ್ಗುವುದಿಲ್ಲ.

ಒಟ್ಟಿನಲ್ಲಿ, ಯೋಚನೆ ಚೊಕ್ಕ, ಖರ್ಚು ಕಡಿಮೆ, ಪ್ರಚಲಿತ ವಿನ್ಯಾಸ ಮಾತ್ರ ಅರೆಬೆಂದದ್ದು. ಒಳಮುಚ್ಚಳ, ತೋಳು, ಎರಡು ತುಂಡಿನ ರೋಲರು, ಪರದೆ ಇದ್ದಲ್ಲೇ ಇರುವ ಜೋಡಣೆ: ಇಷ್ಟು ಮಾಡಿದರೆ ಅದು ಮತ್ತೆ ಯಂತ್ರದ ಅಂಗವಾಗುತ್ತದೆ. ಇಷ್ಟಕ್ಕೆ ಪುರಸೊತ್ತಿಲ್ಲದವರು ಪೈಪಿನ ಗೊಡವೆ ಬಿಟ್ಟು, ಪರದೆಯಾಚೆ ನೆಲ ಮುಟ್ಟುವಂತೆ ಒಂದು ದಪ್ಪ ರಬ್ಬರ್ ಪಟ್ಟಿ ತೂಗುಬಿಡಲಿ. ಪಟ್ಟೆ ತುಸು ಮಂಕಾಗಬಹುದು, ಆದರೆ ತಿರುವಿನಲ್ಲಿ ಹುಲ್ಲು ಕಿತ್ತುಬರುವುದಿಲ್ಲ.