ಬ್ಯಾಲಾರ್ಡ್ ಎಸ್ಟೇಟಿನ ಕಚೇರಿಗಳೂ ವಿಜಾಪುರದ ಗುಮ್ಮಟವೂ

ನಿಗಡಿ, ಆಕುರ್ಡಿಗಳಿಂದ ಕೆಲಸದ ನಿಮಿತ್ತ ಮುಂಬಯಿಗೆ ಹೋಗಿಬರುವ ನಮ್ಮವರಿಗೆ ಬ್ಯಾಲಾರ್ಡ್ ಎಸ್ಟೇಟ್ ಹೊಸದಲ್ಲ. ಬೋರಿಬಂದರಿನಲ್ಲಿಳಿದು ನಡೆದೇ ಹೋಗಬಹುದು. ಆದರೆ ಕೈಯಲ್ಲಿ ಫೈಲು ಹಿಡಿದವರು ಅಲ್ಲಿ ತಲೆಯೆತ್ತಿ ನೋಡುವುದು ಕಡಿಮೆ.

ಅಲೆಕ್ಸಾಂಡ್ರಾ ಡಾಕಿಗಾಗಿ ಅಗೆದ ಮಣ್ಣಿನಿಂದ ಸಮುದ್ರವನ್ನು ತುಂಬಿ ಪೋರ್ಟ್ ಟ್ರಸ್ಟಿನವರು ಪಡೆದ 22 ಎಕರೆ ನೆಲವಿದು. ಆ ಡಾಕು 1914ರಲ್ಲಿ ತೆರೆಯಿತು. ಈಗ ಅದು ಇಂದಿರಾ ಡಾಕ್. ಎಸ್ಟೇಟಿನ ಕಟ್ಟಡಗಳ ರೂಪುರೇಷೆ ಜಾರ್ಜ್ ವಿಟೆಟ್ ಎಂಬ ವಾಸ್ತುಶಿಲ್ಪಿಯದು. ಎತ್ತರ ಒಂದೇ ಸಮ, ಮುಖಗಳು ಒಂದೇ ಧಾಟಿ, ರೋಮಿನ ನೆನಪು ತರುವ ಕಂಬಗಳು, ಕಮಾನುಗಳು. ಅದೇ 1914ರಲ್ಲಿ ನ್ಯೂಯಾರ್ಕಿನವರು ಇಂಥವೇ ಕಂಬಗಳನ್ನಿಟ್ಟು 40 ಅಂತಸ್ತಿನ ಮುನಿಸಿಪಲ್ ಕಟ್ಟಡವನ್ನು ಆಕಾಶಕ್ಕೇರಿಸಿದ್ದರು. ಇಲ್ಲಿ ಯಾವ ಕಂಪನಿಯೂ ಪಕ್ಕದವನ ತಲೆಯ ಮೇಲೆ ನಿಲ್ಲಲಿಲ್ಲ. ಈ ಸಂಯಮ ನಮಗೆ ಮೆಚ್ಚುಗೆ.

ಮೆಚ್ಚದ ಮಾತೂ ಒಂದಿದೆ. ಇದೇ ವಿಟೆಟ್ ಸಾಹೇಬ ಅದೇ ವರ್ಷಗಳಲ್ಲಿ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಜಿಯಮ್ಮನ್ನು, ಅಂದರೆ ಇಂದಿನ ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯವನ್ನು, ಕಟ್ಟಿದ. ಅದರ ಗುಮ್ಮಟಕ್ಕೆ ಮಾದರಿ ನಮ್ಮ ವಿಜಾಪುರದ ಗೋಳಗುಮ್ಮಟ. ಗೇಟ್‌ವೇ ಆಫ್ ಇಂಡಿಯಾಕ್ಕೆ ಗುಜರಾತಿನ ಕಡೆ ನೋಡಿದ. ಪ್ರದರ್ಶನಕ್ಕೆ ಈ ದೇಶದ ಉಡುಪು, ಹಣದ ವ್ಯವಹಾರಕ್ಕೆ ಮಾತ್ರ ಯುರೋಪಿನ ಕೋಟು! ಕಚೇರಿ ಎಂದರೆ ಹೀಗೇ ಇರಬೇಕಿತ್ತು ಎಂದು ಯಾರಾದರೂ ವಾದಿಸಿದರೆ ಬೋರಿಬಂದರಿನ ಪಕ್ಕದ ಜನರಲ್ ಪೋಸ್ಟಾಫೀಸನ್ನು ತೋರಿಸಬೇಕು. 1913ರಲ್ಲಿ ಮುಗಿದ ಆ ಕಟ್ಟಡವನ್ನು ರಚಿಸಿದವನು ಜಾನ್ ಬೆಗ್. ವಿಟೆಟ್ ಮೊದಲು ಆತನ ಕೈಕೆಳಗೇ ದುಡಿದವನು. ಅಂಚೆಚೀಟಿ, ಮನಿಆರ್ಡರುಗಳ ಶುದ್ಧ ಕಚೇರಿಯಾಗಿಯೂ ಅದು ವಿಜಾಪುರದ ಗುಮ್ಮಟವನ್ನೇ ಹೊತ್ತಿದೆ. ಊರಿಗೆ ಹಣ ಕಳಿಸಲು ಅಲ್ಲಿ ಸಾಲುಗಟ್ಟಿ ನಿಂತ ನಮ್ಮ ಹಿರಿಯರಲ್ಲಿ ಎಷ್ಟು ಜನ ಅದನ್ನು ಗುರುತಿಸಿದರೋ!

ಆದ್ದರಿಂದ ಬ್ಯಾಲಾರ್ಡ್ ಎಸ್ಟೇಟಿನ ವೇಷ ಅನಿವಾರ್ಯವಾಗಿರಲಿಲ್ಲ, ಬೇಕೆಂದೇ ಆರಿಸಿಕೊಂಡದ್ದು. ಹಡಗು ಕಂಪನಿಗಳಿಗೂ ವಿಮೆಯವರಿಗೂ ಲಂಡನ್ನಿನಲ್ಲಿ ಕುಳಿತಂತೆ ತೋರಬೇಕಿತ್ತು. ಆದರೂ ಅಲ್ಲಿ ಬೀದಿ ಎಂಬುದೊಂದು ಉಳಿದಿದೆ. ನಮ್ಮ ಪುಣೆ-ಮುಂಬಯಿ ಹೆದ್ದಾರಿಯ ಇಕ್ಕೆಲದಲ್ಲಿ ಏಳುತ್ತಿರುವ ಗಾಜಿನ ಕಚೇರಿಗಳನ್ನು ನೋಡಿ: ಒಂದಕ್ಕೊಂದು ಮಾತಿಲ್ಲ, ವಿಜಾಪುರವೂ ಇಲ್ಲ, ರೋಮೂ ಇಲ್ಲ.

ಮುಂದಿನ ಸಲ ಮುಂಬಯಿಗೆ ಹೋದವರು ಮಕ್ಕಳನ್ನೂ ಕರೆದೊಯ್ಯಲಿ. ಮೊದಲು ಪೋಸ್ಟಾಫೀಸಿನ ಗುಮ್ಮಟ ತೋರಿಸಿ, ಆಮೇಲೆ ಬ್ಯಾಲಾರ್ಡ್ ಎಸ್ಟೇಟಿನತ್ತ ನಡೆಯಲಿ. ರವಿವಾರವಾದರೆ ಅಲ್ಲಿ ಗದ್ದಲವೂ ಕಡಿಮೆ.