ಬೂಸಾ ತೂಗಿದ ಕೈ

'ಮೌಲ್ಯ' ಎಂಬ ಪದ ನಮಗೆ ಸಿಕ್ಕಿದ್ದು ಕಾಲೇಜಿನಲ್ಲಿ. ಮನೆಯಲ್ಲಿದ್ದದ್ದು 'ಬೆಲೆ' ಒಂದೇ. ನಮ್ಮಜ್ಜಿ ಹೇಳೋಳು: ಗೌಡ್ರ ಮನೇಲಿ ಎರಡು ಸೇರು ಇದ್ವು, ಸಾಲದ ರಾಗಿ ಅಳೆಸಿಕೊಳ್ಳಾಕೆ ದೊಡ್ಡದು, ಕೂಲಿ ರಾಗಿ ಅಳೆದು ಕೊಡಾಕೆ ಚಿಕ್ಕದು. ಎರಡಕ್ಕೂ ಹೆಸರು ಸೇರೇ. ನಮ್ಮ ವಿಮರ್ಶಕರು 'ಸಾಹಿತ್ಯ ಮೌಲ್ಯ' ಅಂದಾಗಲೆಲ್ಲ ನಮಗೆ ಆ ಎರಡು ಸೇರು ನೆನಪಾಗುತ್ತವೆ.

1973ರ ನವೆಂಬರಿನಲ್ಲಿ ಇದೇ ಮೈಸೂರಿನಲ್ಲಿ ಒಬ್ಬರು ಆ ಸೇರನ್ನು ತಾವೇ ಕೈಗೆತ್ತಿಕೊಂಡರು. ದೇವರಾಜ ಅರಸರ ಸಂಪುಟದ ಮಂತ್ರಿ ಬಿ. ಬಸವಲಿಂಗಪ್ಪ, ಕನ್ನಡ ಸಾಹಿತ್ಯದ ಬಹುಪಾಲು ಬೂಸಾ ಎಂದರು. ಕನ್ನಡದ ಹೆಸರಿನಲ್ಲಿ ದಲಿತ ವಿದ್ಯಾರ್ಥಿಗಳ ಮೇಲೆ ಏಟು ಬಿದ್ದವು. ಬಸವಲಿಂಗಪ್ಪ ಮಂತ್ರಿ ಪದವಿ ಬಿಡಬೇಕಾಯಿತು. ಹಳಬರ ಬರಹವೆಲ್ಲ ಸಪ್ಪೆ ಎಂದ ನವ್ಯರಿಗೆ ಯಾರೂ ಕಲ್ಲು ಹೊಡೆದಿರಲಿಲ್ಲವಲ್ಲ! ಸಿಟ್ಟು ತೂಕದ ಮೇಲಲ್ಲ, ತಕ್ಕಡಿ ಹಿಡಿದ ಕೈಯ ಮೇಲೆ.

ಅಷ್ಟಕ್ಕೂ ಬೂಸಾ ಬೈಗುಳವೇ? ಹಾಲು ಕರೆಯೋ ಹಸುವಿಗೆ ಕಲಗಚ್ಚಿನಲ್ಲಿ ಕಲಸಿ ಇಡೋ ಗೋಧಿ ಹೊಟ್ಟು ಅದು. ಒಂದು ಮೂಟೆ ತರೋಕೆ ಅಪ್ಪ ಹಾಲಿನ ದುಡ್ಡನ್ನು ಎರಡೆರಡು ಸಲ ಎಣಿಸೋದನ್ನು ನೋಡಿದವರಿಗೆ ಅದು ಹಗುರ ಮಾತಲ್ಲ. ಮನುಷ್ಯರ ಹಸಿವಿಗೆ ಆಗೋದಲ್ಲ, ಅಷ್ಟೆ. ಬಸವಲಿಂಗಪ್ಪನವರ ವಿಮರ್ಶೆ ಇದ್ದದ್ದೂ ಅಲ್ಲೇ. ಹಾಗಂತ ಅವರ ತೂಕ ಪೂರಾ ಸರಿ ಎಂದು ನಾವು ಒಪ್ಪುವುದಿಲ್ಲ. ನೀಲಗಾರರು ರಾತ್ರಿಯಿಡೀ ಹಾಡುವ ಮಂಟೇಸ್ವಾಮಿ ಕಾವ್ಯವೂ ಕನ್ನಡವೇ. ಬೈದವರ ತಟ್ಟೆಯಲ್ಲೂ ಹೊಗಳಿದವರ ತಟ್ಟೆಯಲ್ಲೂ ಆಗ ಅದು ಇರಲಿಲ್ಲ.

ಆಮೇಲೆ ದೇವನೂರ ಮಹಾದೇವರ 'ಒಡಲಾಳ' ಬಂತು. ಸಾಕವ್ವ ಕಳೆದುಹೋದ ಹುಂಜಕ್ಕಾಗಿ ಕೇರಿಯೆಲ್ಲ ಅಲೆಯುತ್ತಾಳೆ. ಸಂತೆಯಲ್ಲಿ ಆ ಹುಂಜಕ್ಕೊಂದು ರೇಟಿದೆ, ಅವಳ ಅಲೆದಾಟಕ್ಕೆ? ಸಾವ್ಕಾರನ ಕಡ್ಲೆಕಾಯಿ ಕಳುವಾದರೆ ಪೊಲೀಸರು ಬರುತ್ತಾರೆ, ಹುಂಜಕ್ಕಾಗಿ ಯಾರೂ ಬರುವುದಿಲ್ಲ. ಮೌಲ್ಯದ ಬಗ್ಗೆ ಇದಕ್ಕಿಂತ ನೇರವಾದ ಮಾತನ್ನು ನಾವು ಯಾವ ವಿಮರ್ಶಾ ಗ್ರಂಥದಲ್ಲೂ ಓದಿಲ್ಲ. ಅದೇ ಮನೆಯ ಗೋಡೆಯ ಮೇಲೆ ಪುಟ್ಟಗೌರಿ ನವಿಲು ಬರೆಯುತ್ತಾಳೆ. ಪಂಚನಾಮೆಯಲ್ಲಿ ಅದಕ್ಕೆ ಜಾಗ ಎಲ್ಲಿ?

ನಮ್ಮ ಬಳಗದಲ್ಲೂ ಜಾಗವಿಲ್ಲ, ಹೇಳಿಬಿಡುತ್ತೇವೆ. ಮೊನ್ನೆ ಕವಿಗೋಷ್ಠಿ ಮುಗಿದ ಮೇಲೆ ಚಾ ಕುಡಿಯುತ್ತ ಗೆಳೆಯನೊಬ್ಬ ಕೇಳಿದ: ಆ ನವಿಲಿಂದ ಹೋರಾಟಕ್ಕೆ ಏನ್ಲಾ ಉಪಯೋಗ? ಘೋಷಣೆ ಎಷ್ಟಿವೆ ಎಂದು ಪದ್ಯ ತೂಗುವ ನಾವು, ಗೌಡ್ರ ಮನೆಯ ಚಿಕ್ಕ ಸೇರನ್ನೇ ತಂದು ಇಟ್ಟುಕೊಂಡಿದ್ದೇವೆಯೋ ಏನೋ. ಆಗ ಉತ್ತರ ಹೊಳೆಯಲಿಲ್ಲ, ಸುಮ್ಮನೆ ಚಾ ಕುಡಿದೆವು.

ಬಿ.ಎ. ಓದುವಾಗ ಕಿರುಪರೀಕ್ಷೆಯೊಂದರಲ್ಲಿ 'ಒಡಲಾಳ'ದ ಸಾಹಿತ್ಯ ಮೌಲ್ಯ ವಿವರಿಸಿ ಎಂದು 10 ಅಂಕಕ್ಕೆ ಕೇಳಿದ್ದರು. ಸಾಕವ್ವನ ಸಂಕಟವನ್ನು ನಮ್ಮವ್ವ ಆಡೋ ಮಾತಿನಲ್ಲೇ ಬರೆದೆವು. 4 ಬಂತು. ಪಕ್ಕದಲ್ಲಿ ಕೆಂಪು ಶಾಯಿ: ಭಾಷೆ ಅಶುದ್ಧ.